ಕೇರಳ ಲಾಟರಿ ದುಡ್ಡು ಎಲ್ಲಿಗೆ ಹೋಗುತ್ತೆ? ಕರ್ನಾಟಕಕ್ಕೂ ಬೇಕಾ?

ಪ್ರಶ್ನೆ (ಗೋಣಿಕೊಪ್ಪ): ಮೇಡಂ, ನೀವು ಟ್ಯಾಕ್ಸ್ ಕೆಲಸ ನೋಡುವವರು, ಅದಕ್ಕೇ ನಿಮ್ಮನ್ನ ಕೇಳ್ತಿದ್ದೇನೆ. ನಮ್ಮ ಕೊಡಗಿನ ಕುಟ್ಟ ದಾಟಿ ಕೇರಳದ ತೋಲ್ಪೆಟ್ಟಿ ಕಡೆ ಹೋದರೆ ಲಾಟರಿ ಟಿಕೆಟ್ ಸಿಗುತ್ತೆ. ನಮ್ಮ ಲೈನ್ ಮನೆಯವರಲ್ಲಿ (ತೋಟದ ಕೂಲಿಯವರಲ್ಲಿ) ಕೆಲವರು ಬಟವಾಡೆ ಆದ ಮರುದಿನವೇ ಹೋಗಿ ತರುತ್ತಾರೆ. ಇಲ್ಲಿ ದುಡಿದ ದುಡ್ಡು ಅಲ್ಲಿನ ಸರ್ಕಾರಕ್ಕೆ ಹೋಗುತ್ತೆ. ಕರ್ನಾಟಕವೂ ಲಾಟರಿ ಮತ್ತೆ ಶುರು ಮಾಡಿದರೆ ನಮ್ಮ ರಸ್ತೆಗೆ, ಆಸ್ಪತ್ರೆಗೆ ಹಣ ಸಿಗಲ್ವಾ?

ಉತ್ತರ: ಅಣ್ಣಾ, ಒಳ್ಳೆ ಪ್ರಶ್ನೆ. ಆದರೆ ನನ್ನ ಉತ್ತರ ‘ಬೇಡ’ ಅಂತಲೇ. ಯಾಕೆ ಅಂತ ಹೇಳ್ತೀನಿ.

ಮೊದಲು ಕೇರಳದವರಿಗೆ ಸಲ್ಲಬೇಕಾದ ಮಾತು. 1967ರಲ್ಲಿ ಅಲ್ಲಿನ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದ ಪಿ.ಕೆ. ಕುಂಞು ಈ ಸರ್ಕಾರಿ ಲಾಟರಿ ಶುರು ಮಾಡಿಸಿದರು. ಖಾಸಗಿ ಲಾಟರಿಗಳ ಹಾವಳಿ ತಡೆಯಬೇಕು, ಸರ್ಕಾರಕ್ಕೂ ಒಂದಿಷ್ಟು ಆದಾಯ ಬರಬೇಕು, ಕೈಕೆಲಸ ಇಲ್ಲದವರಿಗೆ ಟಿಕೆಟ್ ಮಾರಿ ಹೊಟ್ಟೆ ಹೊರೆಯೋ ದಾರಿ ಆಗಬೇಕು ಅನ್ನೋದು ಲೆಕ್ಕ. ಮೊದಲ ಡ್ರಾ 1968ರ ಜನವರಿ 26ಕ್ಕೆ. ಟಿಕೆಟ್ ಒಂದು ರೂಪಾಯಿ, ಬಹುಮಾನ 50 ಸಾವಿರ. ಇವತ್ತಿಗೂ ವಯಸ್ಸಾದವರು, ಅಂಗವಿಕಲರು ತುಂಬಾ ಜನ ಅದರಲ್ಲೇ ಬದುಕುತ್ತಿದ್ದಾರೆ. ಮಾರುವವರಿಗೆ ಕ್ಷೇಮನಿಧಿ ಮಂಡಳಿಯೂ ಇದೆ. ಅದನ್ನು ಹಗುರ ಮಾಡಿ ಮಾತಾಡಬಾರದು.

ಈಗ ದುಡ್ಡಿನ ವಿಷಯ. ವರ್ಷಕ್ಕೆ ಹತ್ತು ಸಾವಿರ ಕೋಟಿ ಮೀರಿದ ಮಾರಾಟ ಅಂತ ಪೇಪರ್‌ನಲ್ಲಿ ಓದಿದಾಗ ಅಷ್ಟೂ ಸರ್ಕಾರಕ್ಕೆ ಉಳಿಯಿತು ಅಂತ ಅನಿಸುತ್ತೆ. ಅದು ಬರೀ ಮಾರಾಟದ ಮೊತ್ತ. 50 ರೂಪಾಯಿಯ ಒಂದು ಟಿಕೆಟ್ ತಗೊಳ್ಳಿ. ಜಿಎಸ್‌ಟಿ ಆ 50ರ ಒಳಗೇ ಇದೆ. ಸರ್ಕಾರ ತನ್ನ ರಾಜ್ಯದಲ್ಲೇ ನಡೆಸುವ ಲಾಟರಿಗೆ 2017ರಲ್ಲಿ 12 ಪರ್ಸೆಂಟ್ ಇದ್ದದ್ದು 2020ರ ಮಾರ್ಚ್‌ನಿಂದ 28 ಆಯಿತು, 2025ರ ಸೆಪ್ಟೆಂಬರ್ 22ರಿಂದ 40. ಅಂದರೆ ಒಂದು ಟಿಕೆಟ್‌ನಲ್ಲಿ ಹೆಚ್ಚುಕಡಿಮೆ 14 ರೂಪಾಯಿ 28 ಪೈಸೆ ತೆರಿಗೆ. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬಹುಮಾನವಾಗಿ ವಾಪಸ್ ಹೋಗುವ ಹಣದ ಮೇಲೂ ಈ ತೆರಿಗೆ ಬೀಳುತ್ತೆ. ಅದು ಸರಿ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಉಳಿದದ್ದರಲ್ಲಿ ದೊಡ್ಡ ಪಾಲು ಬಹುಮಾನಕ್ಕೆ, ಆಮೇಲೆ ಏಜೆಂಟರ ಕಮಿಷನ್, ಛಾಪಿಸುವ ಖರ್ಚು, ಜಾಹೀರಾತು. ಎಲ್ಲಾ ಕಳೆದ ಮೇಲೆ ಲಾಭ ಅಂತ ಉಳಿಯೋದು ಮಾರಾಟದ ಸಣ್ಣ ಭಾಗ. ನೂರು ರೂಪಾಯಿ ಕೂಲಿಕಾರರ ಜೇಬಿನಿಂದ ತೆಗೆದು ಕೊನೆಗೆ ಖಜಾನೆಗೆ ಅಷ್ಟು ಕಡಿಮೆ ಮುಟ್ಟಿಸುವ ದಾರಿ ಇದು. ಇಷ್ಟು ಸುತ್ತು ಬಳಸಿ ಹಣ ಎತ್ತುವ ಬೇರೆ ಬಾಬತ್ತು ನನ್ನ ಕೆಲಸದಲ್ಲಿ ನಾನು ಕಂಡಿಲ್ಲ.

ಕರ್ನಾಟಕದಲ್ಲೂ ಸರ್ಕಾರಿ ಲಾಟರಿ ಇತ್ತಲ್ಲ. 2007ರಲ್ಲಿ, ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ಎಲ್ಲಾ ಲಾಟರಿ ನಿಂತಿತು. ಸಿಂಗಲ್ ನಂಬರ್ ಆಟ, ಆನ್‌ಲೈನ್ ಲಾಟರಿ ಆಗ ಎಷ್ಟು ಮನೆ ಹಾಳು ಮಾಡಿತ್ತು ಅಂತ ಇಲ್ಲಿ ಹಿರಿಯರಿಗೆ ಗೊತ್ತಿದೆ. ನಿಲ್ಲಿಸಿದ್ದು ಸರಿಯಾದ ಕೆಲಸ ಅಂತ ನಾನು ನಂಬಿದ್ದೇನೆ.

ಪ್ರಶ್ನೆ (ವಿರಾಜಪೇಟೆ): ಆದರೆ ಮೇಡಂ, ಕೇರಳದ ಕಾರುಣ್ಯ ಅನ್ನೋ ಲಾಟರಿ ದುಡ್ಡಿನಲ್ಲಿ ಬಡವರಿಗೆ ಚಿಕಿತ್ಸೆ ಕೊಟ್ಟರಲ್ಲ? ಕಣ್ಣೂರು ಕಡೆಯ ನಮ್ಮ ನೆಂಟರೊಬ್ಬರಿಗೆ ಡಯಾಲಿಸಿಸ್‌ಗೆ ಸಹಾಯ ಆಗಿತ್ತು.

ಉತ್ತರ: ಹೌದಕ್ಕಾ, ಅದು ನಿಜ. ಕೆ.ಎಂ. ಮಾಣಿ ಹಣಕಾಸು ಮಂತ್ರಿಯಾಗಿದ್ದಾಗ ಕಾರುಣ್ಯ ಬಂತು. ಕ್ಯಾನ್ಸರ್, ಹೃದಯ, ಕಿಡ್ನಿ ಕಾಯಿಲೆಯ ಎಷ್ಟೋ ಜನಕ್ಕೆ ಆ ನಿಧಿಯಿಂದ ನೆರವಾಗಿದೆ. ನಿಮ್ಮ ನೆಂಟರಿಗೆ ಆದದ್ದು ದೊಡ್ಡ ಉಪಕಾರವೇ. 2018ರಲ್ಲಿ ನಮ್ಮಲ್ಲಿ ಗುಡ್ಡ ಕುಸಿದ ಅದೇ ಮಳೆಗಾಲದಲ್ಲಿ ಕೇರಳ ಮುಳುಗಿತು. ಆಗಲೂ ಅವರು ‘ನವಕೇರಳಂ’ ಅಂತ ವಿಶೇಷ ಲಾಟರಿ ತಂದು ಪರಿಹಾರಕ್ಕೆ ಹಣ ಎತ್ತಿದರು.

ಆದರೂ ಒಂದು ಮಾತು. ಕಾನೂನು ಪ್ರಕಾರ ಲಾಟರಿ ಹಣ ಸರ್ಕಾರದ ಲೆಕ್ಕಕ್ಕೇ ಬಂದು ಬೀಳಬೇಕು. ಆಸ್ಪತ್ರೆಗೆ ಎಷ್ಟು ಅನ್ನೋದನ್ನು ಪ್ರತಿವರ್ಷ ಬಜೆಟ್ ತೀರ್ಮಾನಿಸುತ್ತೆ. ಟಿಕೆಟ್ ಮೇಲೆ ಕಾರುಣ್ಯ ಅಂತ ಬರೆದ ಮಾತ್ರಕ್ಕೆ ಆ ದುಡ್ಡು ಬೇರೆ ಪೆಟ್ಟಿಗೆಯಲ್ಲಿ ಕೂತಿರಲ್ಲ. ನಮ್ಮ ‘ಆರೋಗ್ಯ ಕರ್ನಾಟಕ’ ಲಾಟರಿ ಇಲ್ಲದೆಯೇ ನಡೀತಿದೆ. ಚಿಕಿತ್ಸೆ ಕೊಡೋದು ಸರ್ಕಾರದ ಕೆಲಸ, ಅದಕ್ಕೆ ಇದ್ದವರು ಇದ್ದಷ್ಟು ಕೊಡಲಿ. ತೋಟ ಇರೋ ನಾನು ಟಿಕೆಟ್ ಕೊಳ್ಳಲ್ಲ, ನನ್ನ ತೋಟದಲ್ಲಿ ಕಾಫಿ ಕುಯ್ಯೋ ಹೆಂಗಸು ಕೊಳ್ಳುತ್ತಾಳೆ. ಆಸ್ಪತ್ರೆ ಬಿಲ್ ಅವಳ ಕೂಲಿಯಿಂದ ಯಾಕೆ ಹೋಗಬೇಕು, ಹೇಳಿ?

ಪ್ರಶ್ನೆ (ಸಿದ್ದಾಪುರ): 25 ಕೋಟಿ ಬಂಪರ್ (ಹಬ್ಬದ ದೊಡ್ಡ ಬಹುಮಾನದ ಲಾಟರಿ) ಹೊಡೆದರೆ ಕೈಗೆ ಎಷ್ಟು? 2024ರಲ್ಲಿ ಮಂಡ್ಯ ಜಿಲ್ಲೆಯವರಿಗೇ ಬಂದಿತ್ತಲ್ವಾ.

ಉತ್ತರ: ಬಂದಿತ್ತು, ಟಿಕೆಟ್ ವಯನಾಡಿನಲ್ಲಿ ಕೊಂಡದ್ದು. ಆ ಓಣಂ ಬಂಪರ್‌ನ 70 ಲಕ್ಷಕ್ಕೂ ಜಾಸ್ತಿ ಟಿಕೆಟ್ ಮಾರಾಟವಾಗಿತ್ತು, ಮೊದಲ ಬಹುಮಾನ ಒಂದೇ. ಒಂದು ಟಿಕೆಟ್‌ಗೆ 500 ರೂಪಾಯಿ.

25 ಕೋಟಿಯಲ್ಲಿ ಮೊದಲು ಏಜೆಂಟ್ ಕಮಿಷನ್ 10 ಪರ್ಸೆಂಟ್, ಎರಡೂವರೆ ಕೋಟಿ ಹೋಯಿತು. ಉಳಿದ 22.5 ಕೋಟಿಗೆ 30 ಪರ್ಸೆಂಟ್ ಆದಾಯ ತೆರಿಗೆ, 6.75 ಕೋಟಿ. ಖಾತೆಗೆ ಬರೋದು 15.75 ಕೋಟಿ. ರಿಟರ್ನ್ ಹಾಕುವಾಗ ಸರ್‌ಚಾರ್ಜ್, ಸೆಸ್ ಅಂತ ತೆರಿಗೆಯ ಮೇಲಿನ ತೆರಿಗೆ ಸೇರಿ ಇನ್ನೂ ಕಟ್ಟಬೇಕು. ಕೊನೆಗೆ ಕೈಯಲ್ಲಿ 13 ಕೋಟಿ ಆಸುಪಾಸು. ಬಂದ 15.75 ಪೂರಾ ನಮ್ಮದೇ ಅಂತ ಜಾಗ ತಗೊಂಡು ಕೂತರೆ ತೊಂದರೆ ಆಗುತ್ತೆ.

ಸಣ್ಣ ಬಹುಮಾನಕ್ಕೂ ಅದೇ 30. ‘ನನಗೆ ಬೇರೆ ಆದಾಯವೇ ಇಲ್ಲ, ವಾಪಸ್ ಬರುತ್ತಾ’ ಅಂತ ಕೇಳ್ತಾರೆ. ಬರಲ್ಲ. ಲಾಟರಿಗೆ ಸ್ಲ್ಯಾಬ್ (ಆದಾಯಕ್ಕೆ ತಕ್ಕಂತೆ ಏರುವ ದರ) ಇಲ್ಲ, ವಿನಾಯಿತಿ ಇಲ್ಲ. ಹಿಂದೆ ಕೊಂಡು ಕಳೆದುಕೊಂಡ ಟಿಕೆಟ್‌ಗಳ ದುಡ್ಡನ್ನೂ ಕಳೆಯೋ ಹಾಗಿಲ್ಲ. ಕಾಫಿ ಮಾರಿದ ದುಡ್ಡಿಗೆ ಇರುವ ಕೃಷಿ ಆದಾಯದ ಅನುಕೂಲ ಇದಕ್ಕೆ ಒಂಚೂರೂ ಸಿಗಲ್ಲ.

ಪ್ರಶ್ನೆ (ಪೊನ್ನಂಪೇಟೆ): ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಫೋನಿಗೆ ಮೆಸೇಜ್ ಬಂದಿದೆ. ‘ಕೇರಳ ಲಾಟರಿಯಲ್ಲಿ 5 ಲಕ್ಷ ಬಂದಿದೆ, ಮೊದಲು ತೆರಿಗೆ 9,500 ಕಳಿಸಿ’ ಅಂತ. ರೈಟರ್ ಮುಂಚೆ ವಾಟ್ಸಾಪ್‌ನಲ್ಲಿ ಟಿಕೆಟ್ ಫೋಟೋ ತರಿಸಿಕೊಂಡಿದ್ದರಂತೆ.

ಉತ್ತರ: ಒಂದು ಪೈಸೆಯೂ ಕಳಿಸಬೇಡಿ ಅಂತ ಈಗಲೇ ಹೇಳಿ. ಕೇರಳ ಸರ್ಕಾರ ಆನ್‌ಲೈನ್‌ನಲ್ಲಿ ಟಿಕೆಟ್ ಮಾರಲ್ಲ, ಕಾಗದದ ಟಿಕೆಟ್ ಮಾತ್ರ. ತೆರಿಗೆಯನ್ನು ಬಹುಮಾನದಲ್ಲೇ ಹಿಡಿದುಕೊಂಡು ಕೊಡ್ತಾರೆ, ಮುಂಚೆ ಯಾರೂ ಕೇಳಲ್ಲ. ಫೋಟೋಗೆ ಬಹುಮಾನ ಇಲ್ಲ, ಅಸಲಿ ಟಿಕೆಟ್ ಬೇಕು. ಅದರ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಬೇಕು, ಡ್ರಾ ಆಗಿ 30 ದಿನದೊಳಗೆ ಕೊಡಬೇಕು. ಯಾರೂ ಕೇಳದೆ ಉಳಿದ ಬಹುಮಾನ ಸರ್ಕಾರಕ್ಕೇ ಸೇರುತ್ತೆ. ಇನ್ನೊಂದು, ಕೊಡಗಿನೊಳಗೆ ಯಾರಾದರೂ ತಂದು ಮಾರಿದರೆ ಅದು ಅಪರಾಧ.

ರೈಟರ್ ಆಗಲೇ ದುಡ್ಡು ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಬ್ಯಾಂಕಿಗೂ ತಿಳಿಸಿ. ಮೆಸೇಜ್ ಡಿಲೀಟ್ ಮಾಡಬೇಡಿ ಅನ್ನಿ, ಸ್ಕ್ರೀನ್‌ಶಾಟ್ ಬೇಕಾಗುತ್ತೆ.