ಹಡಗಿಗೆ ನೀರು ಎಲ್ಲಿಂದ ತರ್ತೀಯಾ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹೋದ ಭಾನುವಾರ ನಡೆದ ಜಗಳ ಇದು. ತಂಗಿ ಚಂದನಾ ತಾನು ಬರೆಯುತ್ತಿರುವ ಕಾದಂಬರಿಯ ಮೊದಲ ಅಧ್ಯಾಯವನ್ನು ಪಿಡಿಎಫ್ ಮಾಡಿ ಹಾಕಿದ್ದಳು. ಸ್ಟೀಮ್‌ಪಂಕ್ ಅನ್ನುತ್ತಾರಲ್ಲ, ಆವಿ ಯಂತ್ರಗಳ ಕಾಲವನ್ನು ಇಟ್ಟುಕೊಂಡು ಹೆಣೆಯುವ ಕಲ್ಪನೆಯ ಕಥೆ, ಆ ಥರದ್ದು. 1899ರ ಕೆಜಿಎಫ್. ಬಾಯ್ಲರ್‌ಗೆ ಸೌದೆ ಹಾಕುವವನ ಮಗಳು ಮುನಿಯಮ್ಮ ಗಣಿ ಕಂಪನಿಯ ಹಾರುವ ಹಡಗನ್ನೇ ಕದ್ದುಕೊಂಡು ಹೋಗುತ್ತಾಳೆ. ಹಡಗನ್ನು ಮೇಲಕ್ಕೆ ಎತ್ತುವುದು ಕೋಲಾರಮ್ಮನ ಗುಡಿಯಲ್ಲಿರುವ ಚೇಳಿನ ದೇವತೆ ಚೇಳಮ್ಮನ ಮಂತ್ರ, ಮುಂದಕ್ಕೆ ತಳ್ಳುವುದು ಆವಿ. ಹೆಸರು ಬದಲಿಸಿ, ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕಿದ್ದೇನೆ. ಗುಡ್ ಮಾರ್ನಿಂಗ್ ಹೂವು, ಟೊಮೆಟೊ ರೇಟು, ಕೈ ಮುಗಿಯುವ ಎಮೋಜಿಗಳನ್ನು ತೆಗೆದಿದ್ದೇನೆ. ಜಗಳಕ್ಕೆ ಕೈ ಹಾಕಿಲ್ಲ.

ಚಂದನಾ: ಓದಿ ಹೇಳಿ. ಚೆನ್ನಾಗಿದೆ ಅಂತ ಮಾತ್ರ ಹೇಳಬೇಡಿ. ಅದನ್ನು ಅಮ್ಮ ಓದುವುದಕ್ಕೆ ಮುಂಚೆಯೇ ಹೇಳಿ ಆಯ್ತು.

ದೊಡ್ಡಪ್ಪ: ಓದಿದೆ. ಭಾಷೆ ಹಿಡಿತದಲ್ಲಿದೆ. ಆದರೆ ಈ ಪರದೇಶಿ ಸರಕು ನಮಗೆ ಯಾಕಮ್ಮಾ? ಹೊಗೆ ಕೊಳವೆ, ಹಲ್ಲುಚಕ್ರ, ಕಣ್ಣಿಗೆ ಗಾಗಲ್ಸ್. ನಮ್ಮಲ್ಲಿ ಪುಷ್ಪಕ ವಿಮಾನ ಇಲ್ಲವಾ? ವೈಮಾನಿಕ ಶಾಸ್ತ್ರ ಇಲ್ಲವಾ? ಅದನ್ನು ಹೇಳಿ ಬರೆಸಿದವರು ನಮ್ಮ ಆನೇಕಲ್ಲಿನವರು.

ಮಧು: ಅಪ್ಪ, ಪುಷ್ಪಕ ಸರಿ. ಅದು ಕಾವ್ಯ. ಎರಡನೆಯದನ್ನು ಬಿಟ್ಟುಬಿಡಿ. ಸುಬ್ಬರಾಯ ಶಾಸ್ತ್ರಿಗಳು ಅದನ್ನು ಹೇಳಿ ಬರೆಸಿದ್ದು 1918ರಿಂದ 1923ರ ಹೊತ್ತಿನಲ್ಲಿ. 1974ರಲ್ಲಿ ಬೆಂಗಳೂರಿನ ಐಐಎಸ್‌ಸಿಯವರು ಕೂತು ಲೆಕ್ಕ ಹಾಕಿ ನೋಡಿದರು. ಅದರಲ್ಲಿರುವ ವಿಮಾನಗಳು ಹಾರುವಂಥವಲ್ಲ, ಪುಸ್ತಕವೂ ಪ್ರಾಚೀನ ಕಾಲದ್ದಲ್ಲ ಅಂತ ಬರೆದರು.

ದೊಡ್ಡಪ್ಪ: ಇವಳ ಹಡಗು ಮಾತ್ರ ಹಾರುತ್ತದಾ?

ಮಧು: ಇಲ್ಲ. ಅಲ್ಲಿಗೇ ಬರ್ತಾ ಇದ್ದೆ.

ಚಂದನಾ: ದೊಡ್ಡಪ್ಪ, ಪರದೇಶಿ ಅನ್ನುವುದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬ್ರಿಟಿಷರು ಆರ್101 ಅಂತ ಒಂದು ದೊಡ್ಡ ಏರ್‌ಶಿಪ್, ಅಂದರೆ ಗ್ಯಾಸ್ ಚೀಲದಿಂದ ತೇಲುವ ಹಾರುವ ಹಡಗು, ಕಟ್ಟಿದರು. ಇಂಗ್ಲೆಂಡಿನಿಂದ ಅದು ಹೊರಟಿದ್ದು ಎಲ್ಲಿಗೆ ಗೊತ್ತಾ? ಕರಾಚಿಗೆ. ಆಗ ಅದು ಇಂಡಿಯಾ. ಕಟ್ಟಿಹಾಕುವುದಕ್ಕೆ ಅಲ್ಲಿ ಕಂಬ ಕೂಡ ನಿಲ್ಲಿಸಿದ್ದರು. 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲೇ ಬಿದ್ದು ಉರಿದುಹೋಯಿತು. 54 ಜನರಲ್ಲಿ 48 ಜನ ಸತ್ತರು. ನಮ್ಮ ಕಡೆಗೆ ಬರುತ್ತಿದ್ದ ಹಡಗಿನ ಬಗ್ಗೆ ನಾವು ಕಥೆ ಬರೆಯಬಾರದಾ? ಇನ್ನು ಆವಿ, ಬಾಯ್ಲರ್, ಹೊಗೆ ಕೊಳವೆ. ತಾತ ದುಡಿದ ಊರಿನಲ್ಲಿ ಅವೆಲ್ಲ ಪರದೇಶಿ ಆಗಿದ್ದವಾ?

ದೊಡ್ಡಪ್ಪ: ತಂದವರು ಪರದೇಶಿಗಳೇ ಅಲ್ವಾ.

ನಾನು: ಸೌದೆ ಹಾಕಿದವರು?

ಮಧು: ಆ ವಾದ ಆಮೇಲೆ ಆಡಿ. ಚಂದೂ, ನಾಲ್ಕನೇ ಪುಟ ತೆಗಿ. ಬಾಯ್ಲರ್, ನೀರು, ಸೌದೆ ಎಲ್ಲ ಸೇರಿ 20 ಟನ್ ಅಂತ ಬರೆದಿದ್ದೀಯ. ಒಂದು ಘನ ಮೀಟರ್ ಹೈಡ್ರೋಜನ್ ಎತ್ತುವುದು ಹೆಚ್ಚು ಕಮ್ಮಿ 1.1 ಕೆಜಿ. ಅದೂ ಸಮುದ್ರ ಮಟ್ಟದಲ್ಲಿ. ಕೆಜಿಎಫ್ 800 ಮೀಟರಿಗೂ ಮೇಲಿದೆ, ಗಾಳಿ ತೆಳು, ಇನ್ನೂ ಕಮ್ಮಿಯೇ ಎತ್ತುತ್ತದೆ. ಬರೀ ಆ 20 ಟನ್‌ಗೇ 18,000 ಘನ ಮೀಟರಿಗಿಂತ ದೊಡ್ಡ ಚೀಲ ಬೇಕು. 1900ರಲ್ಲಿ ಜರ್ಮನಿಯಲ್ಲಿ ಹಾರಿದ ಮೊದಲ ಜೆಪ್ಪೆಲಿನ್ ಏರ್‌ಶಿಪ್ 128 ಮೀಟರ್ ಉದ್ದ ಇತ್ತು. ಅದರಲ್ಲೇ ಹಿಡಿಯುತ್ತಿದ್ದದ್ದು 11,300 ಘನ ಮೀಟರ್. ನಿನ್ನ ಹಡಗು 60 ಮೀಟರ್.

ಚಂದನಾ: ಅಣ್ಣ, ಎತ್ತುವುದು ಗ್ಯಾಸ್ ಅಲ್ಲ, ಮಂತ್ರ. ಅದಕ್ಕೇ ಅದನ್ನು ಫ್ಯಾಂಟಸಿ ಅನ್ನುವುದು.

ಶಾಂತ ಅತ್ತೆ: ಚೇಳಮ್ಮನ ಹೆಸರು ಬಿಡು ಮಗಳೇ. ಕೋಲಾರಮ್ಮನ ಗುಡಿಯಲ್ಲಿ ಹುಂಡಿ ಇರುವುದು ನೆಲದೊಳಗೆ. ಎಷ್ಟು ತಲೆಮಾರಿನ ಕಾಣಿಕೆ ಅದರೊಳಗೆ ಬಿದ್ದಿದೆಯೋ. ಚೇಳು ಕಚ್ಚದಿರಲಿ ಅಂತ ಜನ ಬೇಡಿಕೊಳ್ಳುವ ದೇವರು ಅದು. ಕಾಯುವ ದೇವರು. ನೀನು ಡೀಸೆಲ್ ಥರ ಬಳಸಿದ್ದೀಯ.

(ಇಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಅತ್ತೆ ಹೇಳಿದ್ದು ಮಧು ಲೆಕ್ಕಕ್ಕಿಂತ ದೊಡ್ಡ ಪೆಟ್ಟು ಅಂತ ನನಗೆ ಅನಿಸಿತು.)

ಚಂದನಾ: ಅತ್ತೆ, ಮುನಿಯಮ್ಮ ಬೇಡಿಕೊಳ್ಳುವುದೂ ಕಾಯಿ ಅಂತಲೇ. ಏಳನೇ ಪುಟ ನೋಡಿ. ಹಾರಿಸು ಅಂತ ಎಲ್ಲೂ ಕೇಳುವುದಿಲ್ಲ. ಬೀಳದ ಹಾಗೆ ನೋಡಿಕೋ ಅಂತಾಳೆ, ಅಷ್ಟೇ.

ಶಾಂತ ಅತ್ತೆ: ಹಾಗಾ. ಹಂಗಿದ್ರೆ ಇರಲಿ.

ಮಧು: ನನಗೆ ಇರಲಿ ಅನ್ನುವುದಕ್ಕೆ ಆಗುವುದಿಲ್ಲ. ಎತ್ತುವುದು ಮಂತ್ರ, ತಳ್ಳುವುದು ಆವಿ ಅಂದೆ, ಒಪ್ಪಿದೆ. ಒಂಬತ್ತನೇ ಪುಟದಲ್ಲಿ ಒದ್ದೆ ಸೌದೆ ಹತ್ತುವುದಿಲ್ಲ, ಮುನಿಯಮ್ಮ ಮಂತ್ರ ಹೇಳುತ್ತಾಳೆ, ಭಗ್ ಅಂತ ಹೊತ್ತಿಕೊಳ್ಳುತ್ತದೆ. ಮಂತ್ರಕ್ಕೆ ಬೆಂಕಿ ಹಚ್ಚುವುದಕ್ಕೂ ಬರುತ್ತದೆ ಅಂದಮೇಲೆ ಸೌದೆ ಯಾಕೆ? ಬಾಯ್ಲರ್ ಯಾಕೆ? ಅವರಪ್ಪ ಮೈ ಸುಟ್ಟುಕೊಂಡು ಇಪ್ಪತ್ತು ವರ್ಷ ದುಡಿದದ್ದು ಯಾಕೆ? ಅಧ್ಯಾಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಬಾಯ್ಲರ್ ಮನೆ. ಸಲಿಕೆ ಹಿಡಿ ಬೆವರಿಗೆ ಜಾರುತ್ತೆ ಅಂತ ಗೋಣಿ ಸುತ್ತುತ್ತಾರಲ್ಲ, ಅದು. ಮಂತ್ರ ಬಂದ ತಕ್ಷಣ ಅವರೆಲ್ಲ ದಂಡ ಆಗಿಬಿಟ್ಟರು.

ದೊಡ್ಡಪ್ಪ: ಸರಿಯಾಗಿ ಹೇಳಿದೆ. ಅನುಕೂಲ ಬಂದಾಗಲೆಲ್ಲ ದೇವರು ಬರುವುದು ಹಳೇ ಕಂಪನಿ ನಾಟಕದ ಚಾಳಿ.

ಚಂದನಾ: ಹನ್ನೊಂದನೇ ಪುಟ ಯಾರೂ ಓದಲಿಲ್ವಾ? ಮಂತ್ರ ಹೇಳಿದ ಮೇಲೆ ಮೂಗು ಮುಟ್ಟಿ ನೋಡಿಕೊಳ್ಳುತ್ತಾಳೆ. ಮೂಗುತಿ ತೆಳ್ಳಗಾಗಿದೆ ಅಂತ ಒಂದು ಸಾಲು ಇದೆ. ಮಂತ್ರ ಬಂಗಾರ ತಿನ್ನುತ್ತದೆ. ಅದಕ್ಕೇ ಕಥೆ ಕೆಜಿಎಫ್‌ನಲ್ಲಿ ನಡೆಯುವುದು.

ಮಧು: ಒಂದೇ ಸಾಲು!

ಶಾಂತ ಅತ್ತೆ: ನಾನು ನೋಡಿದೆ. ಅಮ್ಮ ಕೊಟ್ಟ ಮೂಗುತಿ ಸವೆದುಹೋಯ್ತಲ್ಲ ಅಂತ ಹೊಟ್ಟೆ ಚುರ್ ಅಂತು.

ಮಧು: ಅಮ್ಮ ಕೊಟ್ಟದ್ದು ಅಂತ ಎಲ್ಲಿದೆ ಅತ್ತೆ?

ಶಾಂತ ಅತ್ತೆ: ಇನ್ಯಾರು ಕೊಡ್ತಾರೆ? ಕಂಪನಿಯವರಾ?

ಮಧು: ಇದನ್ನೇ ಹೇಳುತ್ತಿರುವುದು ಚಂದೂ. ಇಷ್ಟು ಒಳ್ಳೆ ನಿಯಮ ಇಟ್ಟುಕೊಂಡು ಹನ್ನೊಂದನೇ ಪುಟದ ಮೂಲೆಯಲ್ಲಿ ಯಾಕೆ ಬಚ್ಚಿಟ್ಟೆ? ಬಂಗಾರ ಖರ್ಚಾಗುತ್ತದೆ ಅಂತ ಮೊದಲೇ ಗೊತ್ತಾದರೆ ಒದ್ದೆ ಸೌದೆಯ ಹತ್ತಿರ ನಮಗೇ ಕೈ ನಡುಗುತ್ತದೆ. ಬೇಡ ಕಣೇ, ಇನ್ನೊಂದು ಸಲ ಊದಿ ನೋಡು ಅಂತ ನಾವೇ ಕೂಗುತ್ತೇವೆ.

ಚಂದನಾ: ಮೊದಲೇ ಹೇಳಿದರೆ ಪಾಠ ಆಗುತ್ತದೆ. ಮೊದಲು ಬೆಂಕಿ ಹತ್ತಲಿ, ಓದುವವರಿಗೆ ಖುಷಿ ಆಗಲಿ. ಆಮೇಲೆ ಬಿಲ್ ಬರಲಿ. ಎರಡನೇ ಅಧ್ಯಾಯದಲ್ಲಿ ಇನ್ನೂ ಇದೆ. ಏರ್‌ಶಿಪ್‌ಗಳ ಗ್ಯಾಸ್ ಚೀಲಕ್ಕೆ ಒಳಗಿನ ಪದರ ಯಾವುದರಿಂದ ಮಾಡುತ್ತಿದ್ದರು ಗೊತ್ತಾ? ದನದ ಕರುಳಿನ ಪೊರೆ. ಒಂದೊಂದು ಹಡಗಿಗೆ ಲಕ್ಷಗಟ್ಟಲೆ. ಹೈಡ್ರೋಜನ್ ಸೋರದ ಹಾಗೆ ಅದು ತಡೆಯುತ್ತಿತ್ತು. ಬಂಗಾರದ ರೇಕು ಬಡಿಯುವವರು ಹಾಳೆ ಹಾಳೆಯ ನಡುವೆ ಇಟ್ಟು ಸುತ್ತಿಗೆಯಲ್ಲಿ ಬಡಿಯುತ್ತಿದ್ದದ್ದೂ ಅದೇ ಪೊರೆಯನ್ನು. ನನ್ನ ಕಥೆಯಲ್ಲಿ ಆ ಪೊರೆ ಮೇಲೆ ರೇಕು ಬಡಿದು ಮಂತ್ರ ಬರೆಯುತ್ತಾರೆ. ಹಾರಿದಷ್ಟೂ ರೇಕು ಸವೆಯುತ್ತದೆ.

ದೊಡ್ಡಪ್ಪ: ದನದ ಕರುಳಾ? ದೇವಿ ಮಂತ್ರವಾ? ಇದನ್ನು ನಾನು ಮುಳಬಾಗಿಲಿನಲ್ಲಿ ಯಾರಿಗೂ ಕಳಿಸುವುದಿಲ್ಲ.

ಚಂದನಾ: ಮೃದಂಗಕ್ಕೆ ಏನು ಕಟ್ಟುತ್ತಾರೆ ದೊಡ್ಡಪ್ಪ?

(ದೊಡ್ಡಪ್ಪ ಟೈಪಿಂಗ್, ಟೈಪಿಂಗ್, ಆಮೇಲೆ ಏನೂ ಬರಲಿಲ್ಲ. ಒಂದು ಗಂಟೆ ಆಫ್‌ಲೈನ್.)

ಮಧು: ಸರಿ, ಮಂತ್ರದ ಲೆಕ್ಕ ಮುಗಿಯಿತು. ಆವಿಯ ಲೆಕ್ಕ?

ಚಂದನಾ: ಆವಿಯಲ್ಲೂ ಹಾರಿದ್ದಾರೆ. 1852ರಲ್ಲಿ ಹೆನ್ರಿ ಗಿಫಾರ್ಡ್ ಪ್ಯಾರಿಸ್ಸಿನಿಂದ 27 ಕಿ.ಮೀ ಹೋದ. 3 ಅಶ್ವಶಕ್ತಿಯ ಸ್ಟೀಮ್ ಎಂಜಿನ್, 44 ಮೀಟರ್ ಉದ್ದದ ಚೀಲ. ಕಿಡಿ ಚೀಲಕ್ಕೆ ತಾಗಬಾರದು ಅಂತ ಹೊಗೆ ಕೊಳವೆಯನ್ನೇ ಕೆಳಮುಖ ಮಾಡಿದ್ದ. ನಾನೂ ಹಾಗೇ ಇಟ್ಟಿದ್ದೇನೆ.

ಮಧು: ಎದುರುಗಾಳಿಗೆ ವಾಪಸ್ ಬರಲಾಗಲಿಲ್ಲ, ಅದನ್ನೂ ಹೇಳು.

ಚಂದನಾ: ಮುನಿಯಮ್ಮ ಎಲ್ಲಿ ವಾಪಸ್ ಬರ್ತಾಳೆ? ಕದ್ದುಕೊಂಡು ಹೋಗಿದ್ದಾಳೆ.

ಶಾಂತ ಅತ್ತೆ: ಅದೆಲ್ಲ ಇರಲಿ. ಹಡಗಿಗೆ ನೀರು ಎಲ್ಲಿಂದ ತರ್ತೀಯಾ?

ಚಂದನಾ: ಅಂದ್ರೆ?

ಶಾಂತ ಅತ್ತೆ: ಆವಿ ಅಂದ್ರೆ ನೀರು ತಾನೇ. ನಾವು ಚಿಕ್ಕವರಿದ್ದಾಗ ಬಂಗಾರಪೇಟೆಯಲ್ಲಿ ಉಗಿಬಂಡಿ ನಿಂತಾಗ ಆನೆ ಸೊಂಡಿಲಿನ ಥರ ಪೈಪ್ ಬಿಟ್ಟು ನೀರು ತುಂಬುತ್ತಿದ್ದರು. ಅಷ್ಟೂ ನೀರು ಮುಂದಿನ ಊರಿಗೆ ಹೋಗುವಷ್ಟರಲ್ಲಿ ಖಾಲಿ. ನಿನ್ನ ಹಡಗು ಹೊರಟಿರುವುದು ಕೋಲಾರ ಜಿಲ್ಲೆಯಲ್ಲಿ. ವರ್ಷ ಪೂರ್ತಿ ಹರಿಯುವ ಒಂದು ಹೊಳೆ ಇಲ್ಲ ಇಲ್ಲಿ. ನಾವು ಸಾವಿರದ ಇನ್ನೂರು ಅಡಿ ಕೊರೆಸಿ ಬರೀ ಧೂಳು ನೋಡಿದವರು. ಬಂಗಾರ ಎಷ್ಟು ಬೇಕಾದರೂ ಇತ್ತು ಈ ನೆಲದಲ್ಲಿ, ನೀರು ಇರಲಿಲ್ಲ. ನಿನ್ನ ಅಧ್ಯಾಯ ಪೂರ್ತಿ ಹುಡುಕಿದೆ. ಯಾರೂ ಒಂದು ಬಿಂದಿಗೆ ತುಂಬಿಸಿಲ್ಲ.

ಮಧು: ಅತ್ತೆ 🙏 ನಾನು ಮೂರು ಸಲ ಲೆಕ್ಕ ಹಾಕಿದರೂ ಇದು ಹೊಳೆಯಲಿಲ್ಲ. ಇನ್ನೊಂದು ತಮಾಷೆ ನೋಡಿ. ನೀರು, ಸೌದೆ ಖರ್ಚಾದ ಹಾಗೆ ಹಡಗು ಹಗುರ ಆಗುತ್ತದೆ, ತಾನಾಗೇ ಮೇಲೇರುತ್ತದೆ. ಗ್ರಾಫ್ ಜೆಪ್ಪೆಲಿನ್ ಅನ್ನುವ ಏರ್‌ಶಿಪ್‌ಗೂ ಇದೇ ತಲೆನೋವು. ಅದಕ್ಕೇ ಅವರು ಹೆಚ್ಚು ಕಮ್ಮಿ ಗಾಳಿಯಷ್ಟೇ ತೂಕದ ಗ್ಯಾಸನ್ನು ಎಂಜಿನ್‌ಗೆ ಉರಿಸಿದರು. ಉರಿದರೂ ತೂಕ ಬದಲಾಗದಿರಲಿ ಅಂತ. ಮುನಿಯಮ್ಮನ ಹಡಗು ನೀರು ಮುಗಿದಷ್ಟೂ ಮೇಲೆ ಹೋಗುತ್ತದೆ. ನೀರು ಇರುವುದು ಕೆಳಗೆ.

ನಾನು: ಇಳಿಯಬೇಕು ಅಂದ್ರೆ ಮಂತ್ರ ಕಮ್ಮಿ ಮಾಡಬೇಕು. ಮತ್ತೆ ಏರಬೇಕು ಅಂದ್ರೆ ಬಂಗಾರ.

ಚಂದನಾ: ಒಂದು ನಿಮಿಷ. ಬರೆದುಕೊಳ್ತಾ ಇದ್ದೀನಿ.

ಚಂದನಾ: ಬೇತಮಂಗಲದ ಕೆರೆಯಲ್ಲಿ ಇಳಿಸಿದರೆ? ಪಾಲಾರ್ ನೀರು.

ಶಾಂತ ಅತ್ತೆ: ಇಳಿಸು. ಕೆಜಿಎಫ್‌ನವರು ಕುಡಿದದ್ದೂ ಆ ನೀರೇ. ಆದರೆ ಊರಿನವರು ಬಿಡ್ತಾರಾ? ಕಂಪನಿ ಹಡಗು ಅಂದುಕೊಂಡು ದೊಣ್ಣೆ ತಗೊಂಡು ಬರ್ತಾರೆ.

(ಅಷ್ಟರಲ್ಲಿ ತಾತನ ವಾಯ್ಸ್ ನೋಟ್ ಬಂತು. ತಾತ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್, ಅಂದರೆ ಜನರನ್ನು ಹಗ್ಗದ ಪಂಜರದಲ್ಲಿ ಗಣಿಯೊಳಗೆ ಇಳಿಸಿ ಮೇಲೆತ್ತುವ ಯಂತ್ರ ಓಡಿಸುವವರು ಆಗಿದ್ದರು. ನಾನೇ ಬರೆದು ಹಾಕಿದ್ದು.)

ತಾತ: ಮಗು, ಮೊಮ್ಮಗನ ಕೈಲಿ ಓದಿಸಿ ಕೇಳಿದೆ. ನಾನು ಓಡಿಸಿದ್ದು ಕರೆಂಟಿನದು. 1902ರಲ್ಲೇ ಶಿವನಸಮುದ್ರದಿಂದ ಲೈನ್ ಎಳೆದಿದ್ದರು. ನೀನು ಬರೆದಿರುವುದು ಅದಕ್ಕೆ ಮೂರು ವರ್ಷ ಹಿಂದಿನದು. ಹಾಗಾದರೆ ಆ ಸೌದೆಯವರಿಗೆಲ್ಲ ಕೆಲಸ ಇರುವುದು ಇನ್ನು ಮೂರೇ ವರ್ಷ. ಅದು ಅವರಿಗೆ ಗೊತ್ತಾ, ಇಲ್ವಾ? ಅದನ್ನು ಬರಿ. ಇನ್ನೊಂದು. ಮುನಿಯಮ್ಮ ಹಿಡಿ ಎಳೆದಳು, ಹಡಗು ಎದ್ದಿತು ಅಂತ ಬರೆದಿದ್ದೀಯ. ಯಾರ ಮಾತಿನ ಮೇಲೆ ಎಳೆದಳು? ನನ್ನ ಪಂಜರ ಸಾವಿರಾರು ಅಡಿ ಕೆಳಗೆ ಇರುತ್ತಿತ್ತು. ಅದರಲ್ಲಿರುವ ಜನ ನನಗೆ ಕಾಣಿಸುವುದಿಲ್ಲ. ಎದುರಿಗೆ ಮುಳ್ಳಿನ ಡಯಲ್, ಡ್ರಮ್ಮಿನ ಮೇಲೆ ಬಣ್ಣದ ಗುರುತು, ಕಿವಿಗೆ ಗಂಟೆ. ಓಡುತ್ತಿರುವಾಗ ಒಂದು ಗಂಟೆ ಬಂತು ಅಂದರೆ ನಿಲ್ಲಿಸಬೇಕು, ಕಾರಣ ಕೇಳುವ ಹಾಗಿಲ್ಲ. ಜನ ಇಳಿದರೆ ಪಂಜರ ಹಗುರ ಆಗಿ ಮೇಲೆ ಎದ್ದು ಕುಣಿಯುತ್ತಿತ್ತು, ಅಷ್ಟು ಉದ್ದದ ಹಗ್ಗ ಹಿಗ್ಗಿ ಕುಗ್ಗುತ್ತಲ್ಲ. ಆ ಕುಣಿತ ಅವರಿಗೆ ಕಾಲಿನಲ್ಲಿ ಗೊತ್ತಾಗುತ್ತಿತ್ತು. ನಿನ್ನ ಹಡಗಿನಲ್ಲಿ ಬಾಯ್ಲರ್ ಕೆಳಗೆ, ಮುನಿಯಮ್ಮ ಮೇಲೆ. ಕೆಳಗಿನವನು ಮೇಲಿನವಳಿಗೆ ಹೇಗೆ ಹೇಳ್ತಾನೆ?

ಚಂದನಾ: ತಾತ, ಕೆಳಗೆ ಯಾರೂ ಇಲ್ಲ. ಒಬ್ಬಳೇ ಕದ್ದಿದ್ದಾಳೆ.

ತಾತ: ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ ಅದು. ಸೌದೆ ಹಾಕುವವನು ಒಬ್ಬ ಬೇಕೇ ಬೇಕು.

ಮಧು: ಅವರಪ್ಪ ಇದ್ದಾನಲ್ಲ.

ಚಂದನಾ: ಅಪ್ಪನನ್ನು ನಾನು ಎರಡನೇ ಪುಟದಲ್ಲಿ ಸಾಯಿಸಿದ್ದೀನಿ.

ಶಾಂತ ಅತ್ತೆ: ಬದುಕಿಸು. ಹೆಣ ತೋರಿಸಿಲ್ಲ ನೀನು.

ದೊಡ್ಡಪ್ಪ: ಯಾವ ತಿಂಗಳು ಇದು ನಡೆಯುವುದು?

ಚಂದನಾ: ಏಪ್ರಿಲ್.

ದೊಡ್ಡಪ್ಪ: ಏಪ್ರಿಲ್‌ನಲ್ಲಿ ಕೆರೆ ತಳ ಕಾಣುತ್ತದೆ. ಹಡಗು ಇಳಿಸಿ ಏನು ಕೆಸರು ತುಂಬಿಸ್ತಾಳಾ? ಕಾರ್ತೀಕಕ್ಕೆ ಹಾಕು. ಕೆರೆ ತುಂಬಿರುತ್ತದೆ, ಆಕಾಶ ತಿಳಿಯಾಗಿರುತ್ತದೆ.

ಶಾಂತ ಅತ್ತೆ: ಏಪ್ರಿಲ್‌ನಲ್ಲಿ ಮಾವಿನ ಮಳೆ ಬೇರೆ. ಶ್ರೀನಿವಾಸಪುರದ ಕಡೆ ಆ ಗಾಳಿಗೆ ತೋಟ ತೋಟವೇ ಉದುರುತ್ತದೆ. ನಿನ್ನ ಕರುಳಿನ ಚೀಲ ಯಾವ ಮೂಲೆಗೆ?

ಮಧು: ಆರ್101 ಬಿದ್ದದ್ದೂ ಗಾಳಿ ಮಳೆಯ ರಾತ್ರಿಯಲ್ಲೇ.

ಚಂದನಾ: ಏಪ್ರಿಲ್ಲೇ ಇರುತ್ತದೆ. ಕೆರೆ ತುಂಬಿದ್ದರೆ ಇಳಿದಳು, ತುಂಬಿಸಿಕೊಂಡಳು, ಹೋದಳು. ಅದರಲ್ಲಿ ಏನಿದೆ ದೊಡ್ಡಪ್ಪ?

ದೊಡ್ಡಪ್ಪ: ಹಾಗಾದರೆ ಅವಳಿಗೆ ಬಾವಿ ತೋರಿಸುವವರು ಒಬ್ಬರು ಬೇಕು. ಆವಣಿ ಕಡೆಯ ಒಬ್ಬ ಮೇಷ್ಟರನ್ನು ಇಡು.

ಮಧು: ಅಪ್ಪ!