ಮನೆ ಮುಂದಿನ ಬೇವಿನ ಬುಡಕ್ಕೆ ಕಾಂಕ್ರೀಟ್ ಹಾಕಿಸಬಹುದಾ? ಮರದ ಆರೈಕೆ ತಜ್ಞರ ಉತ್ತರ

ಪ್ರಶ್ನೆ (ನವನಗರ, ಬಾಗಲಕೋಟೆ): ನಮಸ್ಕಾರ ಸರ್. ಆಲಮಟ್ಟಿ ಹಿನ್ನೀರಿಗೆ ಹಳೆ ಮನೆ ಮುಳುಗಡೆಯಾಗಿ ಇಲ್ಲಿಗೆ ಬಂದಾಗ ನಮ್ಮ ಮಾವನವರು ಗೇಟಿನ ಪಕ್ಕ ಒಂದು ಬೇವು ನೆಟ್ಟಿದ್ದರು. ಈಗ ಅದು ಮಾಳಿಗೆ ದಾಟಿ ಬೆಳೆದಿದೆ. ಅಂಗಳಕ್ಕೆ ಪೇವರ್ಸ್ ಹಾಕಿಸುತ್ತಿದ್ದೇವೆ. ಬುಡಕ್ಕೆ ತಾಗಿಸಿ ಕಾಂಕ್ರೀಟ್ ಹಾಕಿ, ಸುತ್ತ ಮಣ್ಣು ತುಂಬಿ ಎತ್ತರದ ಕಟ್ಟೆ ಕಟ್ಟಿಕೊಡ್ತೀನಿ ಅಂತಾನೆ ಗೌಂಡಿ. ಪಕ್ಕದ ಮನೆಯವರು ಬೇರು ಪಾಯ ಒಡೆಯುತ್ತೆ, ಕಡಿಸಿಬಿಡಿ ಅಂತಾರೆ. ಮಳೆಗಾಲ ಮುಗಿದಾಗಿನಿಂದ ಟೊಂಗೆಗಳ ತುದಿ ಬೇರೆ ಸುಟ್ಟ ಹಾಗೆ ಕಾಣುತ್ತಿವೆ. ಮರ ಸಾಯ್ತಾ ಇದೆಯಾ?

ಉತ್ತರ: ಅಕ್ಕಾರ, ಮೊದಲು ಗೌಂಡಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ತುದಿ ಒಣಗಿರೋದಕ್ಕೆ ಅಷ್ಟೊಂದು ಹೆದರಬೇಕಿಲ್ಲ. ಬೇವಿಗೆ ಇದು ಈಗ ಎಲ್ಲ ಕಡೆ ಕಾಣುವ ರೋಗ. ಟೀ ಸೊಳ್ಳೆ ಅಂತ ಕರೆಯುವ ಒಂದು ತಿಗಣೆ ಎಳೆ ಚಿಗುರಿನ ರಸ ಹೀರುತ್ತದೆ. ಫೋಮಾಪ್ಸಿಸ್ ಎಂಬ ಶಿಲೀಂಧ್ರ ಸೇರಿದರೆ ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುತ್ತದೆ. ಕೈಗೆ ಸಿಗುವ ಒಂದು ಟೊಂಗೆ ಬಗ್ಗಿಸಿ, ಕರಕಲಾದ ಎಲೆಗಳಿಂದ ಒಂದು ಗೇಣು ಹಿಂದೆ ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ತೇವ ಇದ್ದು ಹಸಿರು ಕಂಡರೆ ಟೊಂಗೆಗೆ ಜೀವ ಇದೆ, ಯುಗಾದಿ ಹೊತ್ತಿಗೆ ಮತ್ತೆ ಚಿಗುರುತ್ತದೆ. ಎಟುಕುವ ಒಣ ತುದಿಗಳನ್ನು ಕತ್ತರಿಸಿ ಸುಟ್ಟುಬಿಡಿ. ಅಷ್ಟೆತ್ತರದ ಮರಕ್ಕೆ ಔಷಧ ಹೊಡೆಸಬೇಡಿ. ದುಡ್ಡೂ ದಂಡ, ಕೆಳಗೆ ಮಕ್ಕಳು, ನೀರಿನ ಟಾಕಿ ಎಲ್ಲ ಇರ್ತವೆ.

ನಿಮ್ಮ ಮರಕ್ಕೆ ನಿಜವಾದ ಅಪಾಯ ಬುಡದಲ್ಲಿದೆ. ನೀರು, ಸಾರ ಎಳೆಯುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆಯ ನೆರಳು ಬೀಳುವ ಜಾಗ ದಾಟಿಯೂ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಬಾಗಲಕೋಟೆಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಅದನ್ನೂ ಕಾಂಕ್ರೀಟ್ ಮೇಲಿಂದ ಗಟಾರಕ್ಕೆ ಕಳಿಸಿದರೆ ಮರ ಏನು ಕುಡಿಯಬೇಕು? ಹಾಗಂತ ಮರ ಒಂದೇ ವರ್ಷಕ್ಕೆ ಸಾಯಲ್ಲ. ನಾಲ್ಕೈದು ವರ್ಷ ಸೊರಗುತ್ತಾ ಹೋಗಿ ಸಾಯುತ್ತದೆ. ಆಗ ಎಲ್ಲರೂ ರೋಗ ಬಂತು ಅಂತಾರೆ.

ಕಟ್ಟೆ ಇನ್ನೂ ಕೆಟ್ಟದ್ದು. ಕಾಂಡ ಅಗಲವಾಗಿ ಬೇರಿನ ಕಡೆ ತಿರುಗುವ ಜಾಗ ಯಾವಾಗಲೂ ಬಯಲಿಗೆ ಕಾಣಬೇಕು. ಅಲ್ಲಿ ಎರಡು ಅಡಿ ಮಣ್ಣು ತುಂಬಿದರೆ ತೊಗಟೆ ಒದ್ದೆಯಾಗೇ ಇದ್ದು ಕೊಳೆಯಬಹುದು, ಕೆಳಗಿನ ಬೇರಿಗೂ ಉಸಿರು ಕಟ್ಟುತ್ತದೆ. ಕೂರೋಕೆ ಜಾಗ ಬೇಕು ಅಂದ್ರೆ ಒಂದು ಕಲ್ಲಿನ ಬೆಂಚು ಇಡಿ. ಬುಡದಿಂದ ಸುತ್ತಲೂ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿ. ದೆಹಲಿಯ ಮರಗಳ ಸುತ್ತ ಅಷ್ಟು ಜಾಗದ ಕಾಂಕ್ರೀಟ್ ಕೀಳಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ನನ್ನ ಕೇಳಿದರೆ ಅದೂ ಕಡಿಮೆಯೇ.

ಇನ್ನು ಪಾಯದ ಮಾತು. ಗಟ್ಟಿ ಪಾಯವನ್ನು ಬೇರು ಒಡೆಯೋದು ಅಪರೂಪ. ಮೊದಲೇ ಬಿರುಕಿದ್ದರೆ, ನೀರು ಸೋರುವ ಪೈಪ್ ಇದ್ದರೆ ಅಲ್ಲಿಗೆ ಹೋಗುತ್ತದೆ. ಆದರೆ ಮನೆ ಕಟ್ಟುವಾಗ ಎರಿ ಮಣ್ಣು, ಅಂದ್ರೆ ಕಪ್ಪು ಮಣ್ಣು ಬಂದಿತ್ತಾ, ಗರಸು ಬಂದಿತ್ತಾ ಅಂತ ನೆನಪಿಸಿಕೊಳ್ಳಿ. ಎರಿ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಹತ್ತಿರದ ಮರ ನೀರು ಎಳೆದರೆ ಇನ್ನಷ್ಟು ಕುಗ್ಗುತ್ತದೆ, ನಿಜ. ಅಂಥ ಮಣ್ಣಲ್ಲಿ ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ ಮಣ್ಣು ವಾಪಸ್ ನೀರು ಕುಡಿದು ಉಬ್ಬಿ, ಗೋಡೆ ಎತ್ತಿ ಬಿರುಕು ಬಿಡಿಸುವುದೂ ಉಂಟು. ಇದನ್ನು ಪಕ್ಕದ ಮನೆಯವರಿಗೂ ಹೇಳಿ. ಬಿರುಕು ಇದೆಯಾದರೆ ಮೊದಲು ಎಂಜಿನಿಯರ್‌ಗೆ ತೋರಿಸಿ, ಆಮೇಲೆ ಮರದ ಮಾತು.

ಮತ್ತೆ, ನಮ್ಮ ಅಂಗಳದ ಮರ, ಯಾರು ಕೇಳ್ತಾರೆ ಅನ್ನಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸುಬಾಬುಲ್‌ನಂಥ ಕೆಲವು ಮರಗಳಿಗೆ ಮಾತ್ರ ವಿನಾಯಿತಿ. ಸುತ್ತ ತೊಗಟೆ ಸುಲಿಯೋದು, ಬುಡಕ್ಕೆ ವಿಷ ಹಾಕೋದೂ ಕಾಯ್ದೆಯ ಲೆಕ್ಕದಲ್ಲಿ ಕಡಿದ ಹಾಗೇ.

ಅದೇ ಓದುಗರು: ಕಟ್ಟೆ ಬೇಡ ಅಂದೆ ಸರ್, ಗೌಂಡಿಗೆ ಸಿಟ್ಟು ಬಂತು! ಆದರೆ ಒಂದು ಮೀಟರ್ ಬಿಟ್ಟರೆ ಕಾರು ನಿಲ್ಲಲ್ಲ.

ಉತ್ತರ: ಕಾರಿನ ಗಾಲಿ ಬರುವ ಕಡೆ ತೂತಿರುವ ಪೇವರ್ಸ್ ಹಾಕಿಸಿ, ಅದೇ ಹುಲ್ಲು ಬೆಳೆಸುವಂಥದ್ದು. ಕೆಳಗೆ ಜಲ್ಲಿ ಕಡಿ ಮತ್ತು ಉಸುಕು ಸಾಕು, ಸಿಮೆಂಟ್ ಬೇಡ. ಲೆವೆಲ್ ಮಾಡೋಕೆ ಅಂತ ದಪ್ಪ ಬೇರು ಕಡಿಯೋಕೆ ಮಾತ್ರ ಬಿಡಬೇಡಿ. ಮರ ನಿಂತಿರೋದೇ ಅದರ ಮೇಲೆ. ಬೇರು ಅಡ್ಡ ಬಂದರೆ ಅಂಗಳ ಅಲ್ಲಿ ನಾಲ್ಕು ಬೆರಳು ಎತ್ತರ ಆಗಲಿ ಬಿಡಿ.

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ನಮ್ಮ ಬೀದಿಯ ಗುಲ್ಮೊಹರ್ ತಂತಿಗೆ ತಾಗುತ್ತೆ ಅಂತ ಪ್ರತಿ ವರ್ಷ ಮಳೆಗೆ ಮುಂಚೆ ತಲೆ ಬೋಳಿಸಿ ಹೋಗ್ತಾರೆ. ಕಡಿದ ಜಾಗಕ್ಕೆ ಡಾಂಬರ್ ಹಚ್ಚಬೇಕಾ?

ಉತ್ತರ: ಡಾಂಬರ್, ಪೇಂಟ್, ಸೆಗಣಿ ಯಾವುದೂ ಬೇಡ. ಮರ ಗಾಯವನ್ನು ನಮ್ಮ ಹಾಗೆ ಮಾಯಿಸಿಕೊಳ್ಳಲ್ಲ. ಸುತ್ತ ಗೋಡೆ ಕಟ್ಟಿಕೊಂಡು, ಹೊಸ ಕಟ್ಟಿಗೆ ಬೆಳೆಸಿ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಕಡಿಯುವ ಜಾಗ ಸರಿ ಇರಬೇಕು, ಅಷ್ಟೇ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಅದಕ್ಕೆ ಗಾಯ ಮಾಡದೆ, ಅದರ ಹೊರಗೇ ಕೊಯ್ಯಬೇಕು. ದಪ್ಪ ಕೊಂಬೆಯಾದರೆ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ದು, ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಬೀಳಿಸಿ, ಕೊನೆಗೆ ಉಳಿದ ಮೋಟು ತೆಗೆಯಬೇಕು. ಇಲ್ಲಾಂದ್ರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ತಲೆ ಬೋಳಿಸಿದರೆ ಮೋಟಿನಿಂದ ಗುಂಪಾಗಿ ಉದ್ದುದ್ದ ಚಿಗುರು ಬರುತ್ತವೆ. ಅವಕ್ಕೆ ಹಿಡಿತ ಕಮ್ಮಿ, ಗಾಳಿಗೆ ಮೊದಲು ಮುರಿಯೋದೇ ಅವು. ಗುಲ್ಮೊಹರ್ ಕಟ್ಟಿಗೆ ಮೊದಲೇ ಪೆಡಸು, ನಿಮ್ಮೂರಲ್ಲಿ ಬಾಗಲಕೋಟೆಯ ಎರಡರಷ್ಟು ಮಳೆ ಬೇರೆ. ಬೀದಿಯವರೆಲ್ಲ ಸೇರಿ, ತಂತಿ ಕಡೆಗಿರುವ ಕೊಂಬೆ ಮಾತ್ರ ಬುಡದಿಂದ ತೆಗೆಯಿರಿ ಅಂತ ಮೇ ತಿಂಗಳಿಗೆ ಮುಂಚೆಯೇ ಬರೆದು ಕೊಡಿ. ನೀವೇ ಏಣಿ ಹತ್ತಬೇಡಿ, ತಂತಿ ಜೊತೆ ಆಟ ಬೇಡ. ಬುಡದಲ್ಲಿ ಅಣಬೆ ಎದ್ದಿದ್ದರೆ, ಅಥವಾ ಮರ ವಾಲಿದ ಕಡೆಯ ಹಿಂದುಗಡೆ ಮಣ್ಣು ಬಿರಿದಿದ್ದರೆ ತಡ ಮಾಡದೆ ತಿಳಿಸಿ. ಅಂಥ ಮರ ಉಳಿಸಿ ಅಂತ ನಾನೂ ಹೇಳಲ್ಲ.

ಪ್ರಶ್ನೆ (ಜಲನಗರ, ವಿಜಯಪುರ): ಕೋಟಿ ವೃಕ್ಷ ಅಭಿಯಾನದ ಹುರುಪಿನಲ್ಲಿ ನಾವೂ ಬೀದಿಗೆ ಹೊಂಗೆ ನೆಟ್ಟೆವು. ದಿನಾ ಒಂದು ತಂಬಿಗೆ ನೀರು ಹಾಕ್ತೀವಿ, ಆದರೂ ಬೆಳೀತಿಲ್ಲ.

ಉತ್ತರ: ತಂಬಿಗೆ ನೀರು ಮೇಲಿನ ಮಣ್ಣಿಗೇ ಸಾಲದು. ಬೇರು ನೀರು ಹುಡುಕಿ ಆಳಕ್ಕೆ ಇಳಿಯಲ್ಲ. ವಾರಕ್ಕೆ ಒಂದು ಸಲ, ಬೇಸಿಗೆಯಲ್ಲಿ ಎರಡು ಸಲ, ಎರಡು ಕೊಡ ನೀರು ನಿಧಾನಕ್ಕೆ ಇಂಗುವ ಹಾಗೆ ಹಾಕಿ. ಉದುರಿದ ಎಲೆ ಗುಡಿಸಿ ಬೆಂಕಿ ಹಚ್ಚುವ ಬದಲು ಬುಡದ ಸುತ್ತ ಹರಡಿ, ಕಾಂಡಕ್ಕೆ ತಾಗದಂತೆ. ಇನ್ನೊಂದು ಮಾತು. ಗಿಡದ ಸುತ್ತ ಹಾಕಿದ ಗಾರ್ಡಿನ ಜಾಳಿಗೆ, ಆಸರೆಗೆ ಕಟ್ಟಿದ ತಂತಿ ಕಾಂಡಕ್ಕೆ ತಾಗಿದೆಯಾ ಅಂತ ಇವತ್ತೇ ನೋಡಿ. ತಾಗಿದ್ದರೆ ಬಿಚ್ಚಿ, ಹಳೆ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ.