ಅಣ್ಣನಿಗೆ ಮಿದುಳಿನ ಗಡ್ಡೆ ಮರುಕಳಿಸಿದೆ, ಪ್ರಯೋಗದ ಔಷಧಕ್ಕೆ ಒಪ್ಪಬಹುದೇ?

ಶಿರಸಿಯಿಂದ: ಅಣ್ಣನಿಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ರೇಡಿಯೇಷನ್, ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ ಎಲ್ಲ ಮುಗಿದ ಮೇಲೆ ಎಂಆರ್‌ಐಯಲ್ಲಿ ಮತ್ತೆ ಕಾಣಿಸಿದೆ. ಈಗ ಲೊಮುಸ್ಟಿನ್ ಎಂಬ ಇನ್ನೊಂದು ಕೀಮೋ ಔಷಧ ಕೊಡೋಣ ಎಂದಿದ್ದಾರೆ. ಅದರೊಂದಿಗೆ ರಕ್ತನಾಳದ ಮೂಲಕ ವಿಕಿರಣದ ಔಷಧ ಕೊಡುವ ಪರೀಕ್ಷೆ ವಿದೇಶದಲ್ಲಿ ನಡೆಯುತ್ತಿದೆಯಂತೆ. ಅವಕಾಶ ಸಿಕ್ಕರೆ ಸೇರಿಸಬಹುದೇ? ಅತ್ತಿಗೆಗೆ ವಿಕಿರಣವೆಂದರೇ ಭಯ.

ಕಾರವಾರದಿಂದ: ಕೈಗಾದ ಪಕ್ಕದಲ್ಲಿರುವ ನಮಗೆ ಆ ಭಯ ಹೊಸತಲ್ಲ. ಅಮ್ಮನಿಗೆ ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣ ಸೂಸುವ ಅಯೋಡಿನ್-131 ಕೊಟ್ಟಾಗ ಪ್ರತ್ಯೇಕ ಕೋಣೆಯಲ್ಲಿಟ್ಟರು. ಮನೆಗೆ ಬಂದ ಮೇಲೂ ಕೆಲವು ದಿನ ಮೊಮ್ಮಗನನ್ನು ಎತ್ತಿಕೊಳ್ಳುವಂತಿರಲಿಲ್ಲ. ಅವರು ಅತ್ತಿದ್ದು ಅದಕ್ಕೊಂದಕ್ಕೇ. ನೀವು ಕೇಳಿದಂಥ ಔಷಧಗಳಲ್ಲಿ ಒಂದರಲ್ಲಿ ಇದೇ ಅಯೋಡಿನ್ ಇದೆ. ಗಡ್ಡೆಯ ಕೋಶಗಳು ಬೆಳೆಯುವುದಕ್ಕೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತವೆ. ಅಂಥ ಆಮ್ಲದ ಬೆನ್ನೇರಿ ಅಯೋಡಿನ್ ಮಿದುಳಿನೊಳಕ್ಕೆ ಹೋಗುತ್ತದೆ. ಎಂಟು ದಿನಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಅತ್ತಿಗೆಯನ್ನೂ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಅವರ ಎದುರಿಗೇ ಕೇಳಿ.

ಕುಮಟಾದಿಂದ: ನಮ್ಮ ಯಜಮಾನರಿಗೆ ಲೊಮುಸ್ಟಿನ್ ಕೊಟ್ಟಿದ್ದರು. ಆರು ವಾರಕ್ಕೊಮ್ಮೆ, ಒಂದೇ ದಿನ ನುಂಗುವ ಕ್ಯಾಪ್ಸೂಲ್. ಎರಡು ದಿನ ವಾಂತಿ, ಆಮೇಲೆ ತೋಟಕ್ಕೂ ಹೋಗಿ ಬಂದರು. ಗೆದ್ದೆವು ಅಂದುಕೊಂಡೆ. ನಾಲ್ಕನೆಯ ವಾರ ಒಸಡಿನಲ್ಲಿ ರಕ್ತ, ರಾತ್ರೋರಾತ್ರಿ ಮಂಗಳೂರಿಗೆ ಓಡಿದೆವು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿದಿತ್ತು. ಈ ಔಷಧದ ಪೆಟ್ಟು ನಾಲ್ಕರಿಂದ ಆರು ವಾರ ತಡವಾಗಿ ಬೀಳುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ವಿಕಿರಣದ ಔಷಧವೂ ರಕ್ತಕಣ ತಯಾರಿಸುವ ಮೂಳೆಮಜ್ಜೆಯನ್ನು ಬಳಲಿಸಬಲ್ಲದು. ಎರಡನ್ನೂ ಕೂಡಿಸಿದರೆ ದೇಹ ಎಷ್ಟು ತಾಳುತ್ತದೆ ಎಂದು ನೋಡುವುದೇ ಮೊದಲ ಹಂತದ ಪರೀಕ್ಷೆಯ ಮುಖ್ಯ ಕೆಲಸ. ಆದ್ದರಿಂದ ಎಷ್ಟನೆಯ ಹಂತ ಎಂದು ಕೇಳಿಕೊಳ್ಳಿ. ವಾರವಾರದ ರಕ್ತ ಪರೀಕ್ಷೆ ಶಿರಸಿಯಲ್ಲೇ ಆಗಬೇಕು, ವರದಿ ನೋಡುವವರ ಫೋನ್ ಸಂಖ್ಯೆ ಕೈಯಲ್ಲಿರಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟದ ದಾರಿಯನ್ನು ನಂಬಿ ಕೂರಬೇಡಿ, ತಮ್ಮಾ.

ಹೊನ್ನಾವರದಿಂದ: ಅದಕ್ಕೂ ಮೊದಲು ಇನ್ನೊಂದು. ರೇಡಿಯೇಷನ್‌ನಿಂದ ಸತ್ತ ಅಂಗಾಂಶವೂ ಎಂಆರ್‌ಐಯಲ್ಲಿ ಗಡ್ಡೆಯಂತೆಯೇ ಕಾಣಬಹುದು. ನನ್ನ ತಂಗಿಗೆ ಹಾಗೇ ಆಗಿ, ಪೆಟ್ ಸ್ಕ್ಯಾನ್ ಮಾಡಿದ ಮೇಲೆ ತಿಳಿಯಿತು. ನಿಜಕ್ಕೂ ಮರುಕಳಿಸಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಭಾರತದಲ್ಲೇ ಪರೀಕ್ಷೆಗೆ ಸೇರುವುದಾದರೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಔಷಧ ಪರೀಕ್ಷೆಗಳ ಬಗೆಗಿನ 2019ರ ನಿಯಮಗಳ ಪ್ರಕಾರ ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ನಡುವೆ ಬಿಟ್ಟು ಬರುವ ಹಕ್ಕೂ ಅಣ್ಣನಿಗಿದೆ. ಅವರಿಗೆ ಏನು ಬೇಕಾಗಿದೆ ಎಂದು ಕೇಳಿದ್ದೀರಾ?